ಉಪ್ಪಿನ ಯಂತ್ರದ ಹಸಿರು ದೀಪ

ತಪ್ಪೆಲ್ಲ 'ಕನ್ನಡಿ' ಅನ್ನುವ ಒಂದು ಮಾತಿನದು. ಆಸ್ಪತ್ರೆಯಿಂದ ಹೆಂಡತಿ ಫೋನು ಮಾಡಿ "ರೀ, ಕೊಳದ ನೀರು ಹೇಗಿದೆ?" ಎಂದು ಕೇಳಿದಾಗ ಅನೌನ್ಸರ್ "ಪರವಾಗಿಲ್ಲ" ಎನ್ನಬಹುದಿತ್ತು. "ಆ ಕಡೆ ಹೋಗೇ ಇಲ್ಲ ಕಣೇ" ಎಂದಿದ್ದರೆ ಎರಡು ಬೈಗುಳ ತಿಂದು ಅಲ್ಲಿಗೇ ಮುಗಿಯುತ್ತಿತ್ತು. ಅವರು "ಕನ್ನಡಿ ಕಣೇ, ಕನ್ನಡಿ! ನೋಡ್ಕೊಂಡು ಗಡ್ಡ ಹೆರ್ಕೋಬಹುದು" ಎಂದುಬಿಟ್ಟರು. ಹೆಂಡತಿ ಮಾರನೆಯ ದಿನವೂ ಕೇಳಿದರು. ಕನ್ನಡಿ. ಅದರ ಮಾರನೆಯ ದಿನವೂ ಕನ್ನಡಿ. ಹೀಗೆ ಮೂವತ್ತೆಂಟು ದಿನ ಕನ್ನಡಿಯೇ.

ಮೂವತ್ತೊಂಬತ್ತನೆಯ ದಿನ ಬೆಳಗ್ಗೆ ಆರೂವರೆಗೆ ಫೋನು ಬಂತು.

"ಇವತ್ತೇ ಮನೆಗೆ ಬಿಡ್ತಾರಂತೆ ರೀ. ತಮ್ಮ ಕಾರಲ್ಲಿ ಕರ್ಕೊಂಡು ಬರ್ತಾನೆ. ನಾಲ್ಕು ಗಂಟೆಗೆ ಅಲ್ಲಿರ್ತೀನಿ. ಒಳಗೆ ಬರೋಕೆ ಮುಂಚೆ ಸೀದಾ ಹಿತ್ತಲಿಗೆ ಹೋಗಿ ಕೊಳ ನೋಡ್ಬೇಕು."

"ಬಾ ಬಾ, ಅದಕ್ಕೇನಂತೆ," ಎಂದು ಅನೌನ್ಸರ್ ಬೆಣ್ಣೆಯಂಥ ದನಿಯಲ್ಲಿ ಹೇಳಿ ಫೋನಿಟ್ಟರು. ಆಮೇಲೆ ಹಿತ್ತಲ ಬಾಗಿಲು ತೆಗೆದರು.

ನೀರೇ ಕಾಣಲಿಲ್ಲ. ಇಪ್ಪತ್ತಡಿ ಉದ್ದ, ಹತ್ತಡಿ ಅಗಲದ ಕೊಳದ ತುಂಬ ಹಸಿರು ಪಾಚಿ ಹೆಪ್ಪುಗಟ್ಟಿ ಕೂತಿತ್ತು. ನಡುವೆ ಒಂದು ಕಪ್ಪೆ, ಈ ಮನೆಯ ತೆರಿಗೆ ಕಟ್ಟುವವನು ತಾನೇ ಎಂಬ ಗತ್ತಿನಲ್ಲಿ, ಅನೌನ್ಸರ್ ಅವರನ್ನು ಮೇಲಿಂದ ಕೆಳಗೆ ನೋಡಿತು.

ಈ ದಂಪತಿಯ ವಿಷಯ ಸ್ವಲ್ಪ ಹೇಳಬೇಕು. ಅನೌನ್ಸರ್ ಮೂವತ್ತು ವರ್ಷ ರೈಲು ನಿಲ್ದಾಣದ ಮೈಕಿನ ಮುಂದೆ ಕೂತು ನಿವೃತ್ತರಾದವರು. ಹಿಂದಿನ ನಿಲ್ದಾಣವನ್ನೇ ಬಿಡದ ರೈಲನ್ನು "ಇನ್ನೇನು ಕೆಲವೇ ನಿಮಿಷಗಳಲ್ಲಿ ಬರಲಿದೆ" ಎಂದು ಹೇಳಿ, ಸಾವಿರಾರು ಜನರನ್ನು ಬೆಂಚಿನ ಮೇಲೆ ನೆಮ್ಮದಿಯಾಗಿ ಕೂರಿಸಿದ ಪುಣ್ಯಾತ್ಮ. ಕೆಟ್ಟ ಸುದ್ದಿಯನ್ನು ಕೆಟ್ಟದು ಅಂತಲೇ ಹೇಳುವುದು ಅವರ ನಾಲಿಗೆಗೆ ಬರುವುದೇ ಇಲ್ಲ. ಹೆಂಡತಿ ತದ್ವಿರುದ್ಧ. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಇಪ್ಪತ್ತೆಂಟು ವರ್ಷ ಸೀಸೆ ಎತ್ತಿ ಹಿಡಿದು ನೋಡಿದವರು. ಬೀದಿಗೆಲ್ಲ 'ಲ್ಯಾಬ್ ಮೇಡಂ.' ಮನೆಗೆ ಹೊಸ ತಕ್ಕಡಿ ತಂದರೆ ಮೊದಲು ತೂಕ ಗೊತ್ತಿರುವ ಕಲ್ಲನ್ನಿಟ್ಟು ನೋಡುತ್ತಾರೆ. ಹೊಸ ದರ್ಜಿ ಸಿಕ್ಕರೆ ಮೊದಲು ಒಂದು ದಿಂಬಿನ ಚೀಲ ಹೊಲಿಯಲು ಕೊಟ್ಟು, ಬಂದಮೇಲೆ ತಾವೇ ಟೇಪು ಹಿಡಿದು ಅಳೆಯುತ್ತಾರೆ. "ಗೊತ್ತಿಲ್ಲದ್ದನ್ನ ಒಪ್ಸೋಕೆ ಮುಂಚೆ ಗೊತ್ತಿರೋದನ್ನ ಕೊಟ್ಟು ನೋಡ್ಬೇಕು ರೀ, ಆಗ ತಾನೇ ಅದರ ಮಾತು ನಂಬಕ್ಕಾಗೋದು," ಎನ್ನುತ್ತಿದ್ದರು. ಅನೌನ್ಸರ್ ಇಂಥ ಮಾತನ್ನೆಲ್ಲ ಕಿವಿಗೆ ಹಾಕಿಕೊಂಡವರೇ ಅಲ್ಲ.

ಕೊಳ ಮನೆಯ ಹಳೆಯ ಮಾಲೀಕರು ಕಟ್ಟಿಸಿ ಬಿಟ್ಟುಹೋದದ್ದು. ಲ್ಯಾಬ್ ಮೇಡಂ ಅದನ್ನು ಮಗುವಿನ ಹಾಗೆ ಸಾಕಿದ್ದರು. ಅದು ಉಪ್ಪುನೀರಿನ ಕೊಳ. ಗೋಡೆಯ ಮೇಲೆ ಒಂದು ಯಂತ್ರದ ಪೆಟ್ಟಿಗೆ ಇದೆ. ನೀರಿನಲ್ಲಿ ಉಪ್ಪು ಹದವಾಗಿದ್ದರೆ ಯಂತ್ರ ಆ ಉಪ್ಪಿನಿಂದಲೇ ಕ್ಲೋರಿನ್ ತೆಗೆದು ಪಾಚಿಯನ್ನು ಕೊಲ್ಲುತ್ತದೆ. ಕೆಲಸ ನಡೆಯುತ್ತಿದ್ದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು ದೀಪ. "ಉಪ್ಪು ಕಣ್ಣೀರಲ್ಲಿರೋದರ ಅರ್ಧದಷ್ಟಿರ್ಬೇಕು, ನಾಲ್ಕು ಚೀಲಕ್ಕೆ ಸರಿಹೋಗತ್ತೆ," ಎಂದು ಮೇಡಂ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡು ಹೇಳುತ್ತಿದ್ದರು. ಆಸ್ಪತ್ರೆಗೆ ಹೊರಟ ದಿನ ಗಂಡನಿಗೆ ಹೇಳಿದ್ದು ಒಂದೇ ಮಾತು. "ಏನೂ ಮುಟ್ಬೇಡಿ. ದಿನಾ ಒಂದ್ಸಲ ನೀರು ನೋಡಿ, ದೀಪ ನೋಡಿ, ನನಗೆ ಹೇಳಿ. ಅಷ್ಟು ಸಾಕು."

ಅಷ್ಟೂ ಆಗಿರಲಿಲ್ಲ. ಮೊದಲ ವಾರದಲ್ಲೇ ನೀರು ತಿಳಿಹಸಿರಾದದ್ದು ಕಿಟಕಿಯಿಂದ ಕಂಡಿತ್ತು. ಅನೌನ್ಸರ್ ಕಿಟಕಿ ಹಾಕಿದರು. ಸುದ್ದಿ ಕೆಟ್ಟದಾದರೆ ಅವರು ಮೈಕು ಹಿಡಿಯುವುದಿಲ್ಲ, ಕಿಟಕಿ ಹಾಕುತ್ತಾರೆ.

ಬರೀ ಪಾಚಿಯ ಸುಳ್ಳಾಗಿದ್ದರೆ ಈ ಕತೆಯೇ ಬೇಕಿರಲಿಲ್ಲ. ಹನ್ನೆರಡು ದಿನದ ಹಿಂದೆ ಆಸ್ಪತ್ರೆಯ ಡಾಕ್ಟರು ಅವರನ್ನು ಬದಿಗೆ ಕರೆದು, ಮಂಚ ಹೊರಗೆಳೆಯುತ್ತಿದ್ದವರಿಗೆ ದಾರಿ ಬಿಡುತ್ತಲೇ ಹೇಳಿದ್ದರು. "ರೋಗ ಎಲ್ಲ ಕಡೆ ಹಬ್ಬಿದೆ. ಔಷಧಿ ಕೈಲಿ ಇನ್ನೇನೂ ಆಗಲ್ಲ. ಮೂರು ತಿಂಗಳು, ಹೆಚ್ಚಂದ್ರೆ ನಾಲ್ಕು. ಅವರಿಗೆ ನಾನು ಹೇಳ್ಲಾ, ನೀವು ಹೇಳ್ತೀರಾ?" ಅನೌನ್ಸರ್ "ನಾನೇ ಹೇಳ್ತೀನಿ" ಎಂದು ಗೋಡೆ ಹಿಡಿದುಕೊಂಡು ಹೊರಬಂದರು. ಅಂದು ಸಂಜೆ ಫೋನಿನಲ್ಲಿ ಹೆಂಡತಿ ಕೇಳಿದರು, "ವರದಿ ಬಂತಾ ರೀ?" ಇವರು ಹೇಳಿದರು, "ಬಂತು. ವರದೀನೂ ಕನ್ನಡಿ ಕಣೇ."

ಇವತ್ತಿನ ಸಂಕಟ ಅದೇ. ಕೊಳದ ಕನ್ನಡಿ ಸುಳ್ಳು ಎಂದು ಗೊತ್ತಾದರೆ, ವರದಿಯ ಕನ್ನಡಿಯನ್ನು ಹೆಂಡತಿ ಒಂದು ಗಳಿಗೆಯೂ ನಂಬುವುದಿಲ್ಲ. ಇರುವ ಮೂರು ತಿಂಗಳಾದರೂ ನೆಮ್ಮದಿಯಾಗಿ ಇರಲಿ ಎಂಬುದು ಅವರ ಆಸೆ. ಹೆದರಿಕೆಯೂ ಇತ್ತು. ಆ ಮಾತನ್ನು ಅವಳ ಮುಖ ನೋಡಿಕೊಂಡು ಹೇಳುವುದಕ್ಕಿಂತ ಕೊಳವನ್ನು ಚಮಚದಲ್ಲಿ ಖಾಲಿ ಮಾಡುವುದು ಸುಲಭ ಎನ್ನಿಸಿತ್ತು.

ಹೆಚ್ಚುಕಡಿಮೆ ಹಾಗೇ ಶುರು ಮಾಡಿದರು. ಅಡುಗೆಮನೆಯ ದೊಡ್ಡ ಜರಡಿ ತಂದು ಪಾಚಿ ಎತ್ತತೊಡಗಿದರು. ಒಂದು ಜರಡಿ ಎತ್ತಿದರೆ ಆ ಜಾಗಕ್ಕೆ ಪಕ್ಕದ ಪಾಚಿ ಬಂದು ಕೂರುತ್ತಿತ್ತು. ಹತ್ತು ಜರಡಿ ಆಗುವಷ್ಟರಲ್ಲಿ ಕಾಂಪೌಂಡಿನ ಮೇಲೆ ಒಂದು ತಲೆ ಕಂಡಿತು.

"ಏನಣ್ಣ, ಬೆಳಗ್ಗೆ ಬೆಳಗ್ಗೆ ಮೀನು ಹಿಡೀತಿದ್ದೀರಾ?"

ಪಕ್ಕದ ಮನೆಯ ಅಕ್ಕ. ಹದಿನೆಂಟು ಗುಲಾಬಿ ಗಿಡಗಳ ಒಡತಿ, ಬೀದಿಯ ಹದಿನೆಂಟೂ ಮನೆಯ ಸುದ್ದಿಯ ಒಡತಿ. ಅನೌನ್ಸರ್ ಜರಡಿಯನ್ನು ಬೆನ್ನ ಹಿಂದೆ ಅಡಗಿಸಿದರು.

"ಏನಿಲ್ಲಮ್ಮ. ಸ್ವಲ್ಪ ಕ್ಲೀನು. ಇನ್ನೇನು ಹತ್ತು ನಿಮಿಷ."

"ಹತ್ತು ನಿಮಿಷಾನಾ? ಹತ್ತು ದಿನಾನೂ ಸಾಲಲ್ಲ. ಅಯ್ಯೋ ದೇವರೇ, ಲ್ಯಾಬ್ ಮೇಡಂ ನೋಡಿದ್ರೆ ನಿಮ್ಮನ್ನ ಸೀಸೇಲಿ ಹಾಕಿಡ್ತಾರೆ! ಇರಿ, ಫೈರ್ ಮಾವನ್ನ ಕರೀತೀನಿ."

"ಬೇಡಮ್ಮ, ಬೇಡ..." ಎನ್ನುವುದರೊಳಗೆ ಅಕ್ಕನ ಕೂಗು ಬೀದಿಯ ಆ ತುದಿ ಮುಟ್ಟಿತ್ತು.

ಫೈರ್ ಮಾವ ಎಂದರೆ ಅಗ್ನಿಶಾಮಕ ದಳದ ನಿವೃತ್ತ ಮುಖ್ಯಸ್ಥರು. ನಿವೃತ್ತಿಯಾಗಿ ಆರು ವರ್ಷ, ಒಂದು ಬೆಂಕಿಯೂ ಸಿಗದೆ ಸೊರಗಿದ್ದರು. ಇಲಾಖೆ ಹರಾಜು ಹಾಕಿದ ಹಳೆಯ ಪಂಪೊಂದನ್ನು ಮನೆಯಲ್ಲಿ ಎಣ್ಣೆ ಒರೆಸಿ ಇಟ್ಟುಕೊಂಡಿದ್ದರು. ಹತ್ತು ನಿಮಿಷದಲ್ಲಿ ಅದನ್ನು ದರದರ ಎಳೆದುಕೊಂಡು, ಹೆಗಲ ಮೇಲೆ ಪೈಪು ಹೊತ್ತು, ಬೂಟು ಹಾಕಿಕೊಂಡೇ ಬಂದರು.

"ಯಾರೂ ಗಾಬರಿ ಆಗ್ಬೇಡಿ!" ಎಂದು ಕೂಗಿದರು. ಗಾಬರಿಯಾಗಿದ್ದವರು ಒಬ್ಬರೇ, ಅವರು ಎದುರಿಗೇ ನಿಂತಿದ್ದರು. "ಅನೌನ್ಸರೇ, ಇದಕ್ಕೆ ಔಷಧಿ ಗಿವಷಧಿ ನಡೆಯಲ್ಲ. ಪೂರ್ತಿ ಖಾಲಿ ಮಾಡಿ, ಉಜ್ಜಿ, ಹೊಸ ನೀರು ತುಂಬೋದೇ. ನಾಲ್ಕಕ್ಕೆ ತಾನೇ ಬರೋದು? ಮೂರೂವರೆಗೆ ಮುಗಿಸ್ಕೊಡ್ತೀನಿ. ನೀರು ಹೊರಗೆ ಎಲ್ಲಿಗೆ ಬಿಡೋಣ?"

"ಮುಂದುಗಡೆ ಚರಂಡಿಗೆ..."

"ಗೊತ್ತು ಗೊತ್ತು, ಬಿಡಿ."

ಪಂಪು ನಾಲ್ಕು ಸಲ ಕೆಮ್ಮಿ, ಐದನೆಯ ಸಲ ಗರ್ಜಿಸಿತು. ಹಳೆಯ ಪೈಪು ಉಬ್ಬಿ, ಹೊರಳಿ, ಮಾವನ ಕೈಯಿಂದ ಜಾರಿ, ಕಾಂಪೌಂಡು ಹತ್ತಿ ಆಚೆ ಬಿತ್ತು. ಚರಂಡಿಗೆ ಹೋಗಬೇಕಿದ್ದ ಉಪ್ಪುನೀರು ಪಾಚಿಸಮೇತ ಹದಿನೆಂಟು ಗುಲಾಬಿಗಳ ಬುಡಕ್ಕೆ ನುಗ್ಗಿತು. ಎಂಜಿನ್ನಿನ ಸದ್ದಿನಲ್ಲಿ ಅಕ್ಕನ ಕಿರುಚಾಟ ಕೇಳಿಸಿದ್ದು ಕಾಲು ಗಂಟೆಯ ಮೇಲೆ.

ಅಕ್ಕ ಗೇಟು ಒದ್ದುಕೊಂಡು ಬಂದಳು. ಮೊಣಕಾಲವರೆಗೆ ಹಸಿರು, ಮುಖ ಮಾತ್ರ ಕೆಂಪು.

"ನಿಮ್ಮ ಕೈ ಸೇದಿಹೋಗ! ಉಪ್ಪುನೀರು ಕಣ್ರೀ ಅದು! ಒಂದೊಂದು ಗಿಡಾನೂ ಹೆತ್ತ ಹಾಗೆ ಬೆಳೆಸಿದ್ದೆ. ಏನ್ ಅಣ್ಣ ಇದು, ಸುಮ್ನೆ ನಿಂತು ನೋಡ್ತಿದ್ದೀರಲ್ಲ?"

"ಇನ್ನೇನು ಸರಿಹೋಗುತ್ತಮ್ಮ," ಎಂದರು ಅನೌನ್ಸರ್. ಬಾಯಿಗೆ ಬಂದದ್ದು ಅದೊಂದೇ.

ಒಂಬತ್ತೂವರೆಗೆ ಕೊಳದ ತಳ ಕಂಡಿತು. ನೀಲಿ ಟೈಲ್ಸು ಇರಬೇಕಾದ ಕಡೆ ಕಪ್ಪು ಹಸಿರು ಲೋಳೆ. ಅನೌನ್ಸರ್ ಗಟ್ಟಿ ಬ್ರಷ್ಷು ಹಿಡಿದು ಮೆಟ್ಟಿಲಿಳಿದರು. ಎರಡನೆಯ ಮೆಟ್ಟಿಲಿಗೆ ಕಾಲಿಟ್ಟದ್ದಷ್ಟೇ ಅವರ ನಿರ್ಧಾರ, ಮಿಕ್ಕದ್ದನ್ನು ಲೋಳೆ ನಿರ್ಧರಿಸಿತು. ಕೂತ ಭಂಗಿಯಲ್ಲೇ ಇಪ್ಪತ್ತಡಿ ಜಾರಿ, ಆಚೆ ಗೋಡೆಗೆ ಪಾದ ಕೊಟ್ಟು ನಿಂತರು. ಕಪ್ಪೆ ಅವರ ಮಡಿಲಿಗೆ ಹಾರಿ, ಅಲ್ಲಿಂದ ಹೊರಗೆ ಹಾರಿತು. ಸೊಂಟದಲ್ಲಿ ಏನೋ ಕಳಕ್ ಎಂದಿತು. ಬೈಯಲು ಬಂದ ಅಕ್ಕ ಕೊಳದ ಅಂಚಿನಲ್ಲಿ ನಿಂತು ಒಂದು ಕ್ಷಣ ನಗು ತಡೆದಳು, ಆಮೇಲೆ ತಡೆಯಲಿಲ್ಲ. ನಕ್ಕಮೇಲೆ ಸಿಟ್ಟು ಅರ್ಧ ಇಳಿಯಿತು. ತಾನೂ ಒಂದು ಪೊರಕೆ ಹಿಡಿದು ಇಳಿದಳು.

ಮೂವರೂ ಹನ್ನೊಂದರವರೆಗೆ ಉಜ್ಜಿದರು. ಕಾಲು ಭಾಗ ನೀಲಿ ಬಂತು. ಅಕ್ಕ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಅಣ್ಣ, ಒಂದು ಮಾತು ಹೇಳ್ಲಾ? ಇಷ್ಟೆಲ್ಲ ಒದ್ದಾಟ ಯಾಕೆ? ಬಂದ್ಮೇಲೆ 'ನೋಡ್ಕೊಳ್ಳಕ್ಕಾಗ್ಲಿಲ್ಲ ಕಣೇ, ತಪ್ಪಾಯ್ತು' ಅಂದ್ಬಿಡಿ. ಎರಡು ತಿಂಗಳು ಮುಖ ಊದಿಸ್ಕೊಂಡಿರ್ತಾರೆ, ಮೂರನೇ ತಿಂಗಳಿಗೆ ಅವರೇ ಸರಿಹೋಗ್ತಾರೆ."

ಇಡೀ ದಿನದಲ್ಲಿ ಯಾರಾದರೂ ಆಡಿದ ಬುದ್ಧಿಯ ಮಾತು ಅದೊಂದೇ. ಅನೌನ್ಸರ್ ಬ್ರಷ್ಷು ಕೆಳಗಿಟ್ಟು ಒದ್ದೆ ಮೆಟ್ಟಿಲ ಮೇಲೆ ಕೂತರು.

"ಅಷ್ಟೊಂದು ತಿಂಗಳು ಅವಳ ಹತ್ರ ಇಲ್ಲ ಕಣಮ್ಮ."

ಹೇಳಿದರು. ಡಾಕ್ಟರು ಅಂದದ್ದು, ತಾವು ಗೋಡೆ ಹಿಡಿದುಕೊಂಡದ್ದು, ಫೋನಿನಲ್ಲಿ ಹೇಳಿದ ಎರಡು ಕನ್ನಡಿ, ಎಲ್ಲ. ಬೆಣ್ಣೆಯ ದನಿ ಇರಲಿಲ್ಲ. ಖಾಲಿ ಕೊಳದ ಗೋಡೆಗಳಿಗೆ ಬಡಿದು ಮಾತು ಎರಡೆರಡು ಸಲ ಕೇಳಿಸುತ್ತಿತ್ತು, ಒಂದು ಸಲ ಕೇಳುವುದೇ ಹೆಚ್ಚಾಗಿತ್ತು. ಫೈರ್ ಮಾವ ತಮ್ಮ ಬೂಟು ನೋಡಿಕೊಂಡು ನಿಂತರು. ಅಕ್ಕ ಹಸಿರು ಕೈಯಿಂದಲೇ ಕಣ್ಣೊರೆಸಿಕೊಂಡಳು.

"ಗುಲಾಬಿ ಹಾಳಾಗ್ ಹೋಗ್ಲಿ ಬಿಡಿ," ಎಂದಳು ಕೊನೆಗೆ. "ಮಾವ, ನಿಂತ್ಕೊಂಡು ಏನ್ ನೋಡ್ತಿದ್ದೀರಿ? ಆ ಮೂಲೆ ಉಜ್ಜಿ!"

ಅಲ್ಲಿಂದ ಮುಂದೆ ಮೂವರೂ ಮೈಮೇಲೆ ಬಂದವರ ಹಾಗೆ ದುಡಿದರು. ಒಂದು ಗಂಟೆಗೆ ಟೈಲ್ಸೆಲ್ಲ ನೀಲಿ. ಈಗ ನೀರು ಬೇಕು. ಅನೌನ್ಸರ್ ಟ್ಯಾಂಕರಿನವನಿಗೆ ಫೋನು ಮಾಡಿದರು.

"ಎಲ್ಲಿದ್ದೀಯಪ್ಪ?"

"ಇನ್ನೇನು ಬಂದ್ಬಿಟ್ಟೆ ಸಾರ್, ಐದು ನಿಮಿಷ!"

ಅನೌನ್ಸರ್ ತಣ್ಣಗಾದರು. ಈ 'ಇನ್ನೇನು' ಎಂದರೆ ಏನೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಟ್ಯಾಂಕರು ಇನ್ನೂ ಕೊಳವೆಬಾವಿಯ ಹತ್ತಿರ ಸಾಲಿನಲ್ಲಿ ನಿಂತಿದೆ. ಒಂದೂವರೆಗೆ ಮತ್ತೆ ಕೇಳಿದರು. ಇನ್ನೇನು ಸಾರ್. ಎರಡಕ್ಕೆ ಕೇಳಿದರು. ತಿರುವಿನಲ್ಲೇ ಇದ್ದೀನಿ ಸಾರ್. ಮೂವತ್ತು ವರ್ಷ ತಾವು ಹಂಚಿದ್ದನ್ನೆಲ್ಲ ಒಂದು ಮಧ್ಯಾಹ್ನದಲ್ಲಿ ವಾಪಸು ಪಡೆಯುತ್ತ ಗೇಟಿನ ಬಳಿ ನಿಂತರು. ಎರಡೂಕಾಲಿಗೆ ಮೊದಲ ಟ್ಯಾಂಕರು ಬಂತು, ಎರಡನೆಯದು ಮೂರಕ್ಕೆ ಹತ್ತು ನಿಮಿಷ ಇರುವಾಗ.

ಕೊಳ ತುಂಬಿತು. ಶೆಡ್ಡಿನಲ್ಲಿ ಮೇಡಂ ಜೋಡಿಸಿಟ್ಟಿದ್ದ ನಾಲ್ಕು ಚೀಲ ಉಪ್ಪು ಸುರಿದು, ಉದ್ದ ಬ್ರಷ್ಷಿನಿಂದ ಕದಡಿ, ಪಂಪು ಹಾಕಿದರು. ಫೈರ್ ಮಾವ ಗೋಡೆಯ ಪೆಟ್ಟಿಗೆಯ ಮುಚ್ಚಳ ತೆಗೆದರು.

ಕೆಂಪು ದೀಪ.

"ಕರಗ್ಬೇಕು, ತಾಳಿ," ಎಂದಳು ಅಕ್ಕ. ಹತ್ತು ನಿಮಿಷ ತಾಳಿದರು. ಕೆಂಪು. ಮಾವ ಯಂತ್ರದ ಜೊತೆ ಬಂದಿದ್ದ ಪುಸ್ತಕ ಹುಡುಕಿ ತಂದರು. ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿದ್ದವು, ಓದಲು ಸಿಕ್ಕಿದ್ದು ಅರ್ಧ ಸಾಲು. "ಕೆಂಪು ದೀಪ: ನೀರಿನಲ್ಲಿ ಉಪ್ಪು ಕಡಿಮೆ ಇದ್ದಲ್ಲಿ, ಅಥವಾ..." ಮುಂದಿನದು ಅಂಟಿಕೊಂಡಿತ್ತು.

"ಉಪ್ಪು ಕಮ್ಮಿ!" ಎಂದು ಮಾವ ತೀರ್ಪು ಕೊಟ್ಟರು. "ಹಿಂದಿನ ಬೀದಿ ಐಸ್ ಫ್ಯಾಕ್ಟರೀಲಿ ಉಪ್ಪಿದೆ. ಈಗ ತರ್ತೀನಿ."

"ಅವಳು ನಾಲ್ಕೇ ಚೀಲ ಅಂತಿದ್ಳು ಮಾರಾಯ್ರೆ."

"ಅದು ಹಳೇ ನೀರಿಗೆ. ಇದು ಹೊಸಾ ನೀರು. ಹೊಸಾ ನೀರು ಜಾಸ್ತಿ ಕುಡಿಯುತ್ತೆ."

ತಳ್ಳುಗಾಡಿಯಲ್ಲಿ ನಾಲ್ಕು ಚೀಲ ಬಂತು. ಒಂದು ಸುರಿದರು, ಕೆಂಪು. ಎರಡು ಸುರಿದರು, ಕೆಂಪು. ಎಂಟನೆಯ ಚೀಲವೂ ಖಾಲಿಯಾಯಿತು. ದೀಪ ಮಾತ್ರ ಹಠ ಹಿಡಿದ ಮಗುವಿನ ಹಾಗೆ ಕೆಂಪಗೇ ಕೂತಿತ್ತು. ಮಾವ ಬಗ್ಗಿ ಕೊಳವೆಗಳನ್ನು ತಟ್ಟಿ ನೋಡಿದರು.

"ಎಲ್ಲ ಕೊಳವೇನೂ ಹಳದಿ ತಿರುಗಿದೆ, ಇದೊಂದು ಗೇಣು ಮಾತ್ರ ಬೆಳ್ಳಗಿದೆಯಲ್ಲ?"

"ನಮ್ಮೋಳು ಹೋಗೋಕೆ ಮುಂಚೆ ರಿಪೇರಿ ಮಾಡಿರ್ಬೇಕು," ಎಂದರು ಅನೌನ್ಸರ್, ಹೆಮ್ಮೆಯಿಂದಲೇ. "ಎಲ್ಲ ಅವಳೇ ಮಾಡ್ಕೋತಾಳೆ."

ಮೂರು ಮುಕ್ಕಾಲು. ನೀರು ಮಾತ್ರ ನಿಜವಾಗಿ ಕನ್ನಡಿಯಾಗಿತ್ತು. ತಳದ ಟೈಲ್ಸು ಎಣಿಸಬಹುದಿತ್ತು. ಇನ್ನು ಉಳಿದದ್ದು ಒಂದು ದೀಪ. ಅನೌನ್ಸರ್ ಅಳುವ ಹಾಗಾದರು.

"ದಿನಾ ಕೇಳ್ತಿದ್ಳು ಮಾವ, ದೀಪ ಯಾವ ಬಣ್ಣ ಅಂತ. ದಿನಾ ಹಸಿರು ಅಂದಿದ್ದೀನಿ."

ಅಕ್ಕ ಮನೆಗೆ ಓಡಿ ಒಂದು ಪುಟ್ಟ ಟಾರ್ಚು, ಒಂದು ಹಸಿರು ಬಣ್ಣದ ಪಾರದರ್ಶಕ ಕಾಗದ ತಂದಳು. ಮಾವ ಕೆಂಪು ದೀಪಕ್ಕೆ ಕಪ್ಪು ಟೇಪು ಸುತ್ತಿದರು. ಕಾಗದ ಸುತ್ತಿದ ಟಾರ್ಚನ್ನು ಹಸಿರು ದೀಪದ ಹಿಂದೆ ಸಿಕ್ಕಿಸಿ ಹೊತ್ತಿಸಿದರು. ಮುಚ್ಚಳ ತೆರೆದು ಮುಚ್ಚಿ ಎರಡು ಸಲ ನೋಡಿದರು. ಅಪ್ಪಟ ಹಸಿರು. ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡು ಉಸಿರು ಬಿಟ್ಟರು. ಅಕ್ಕ, ಮಾವ ಕಾಂಪೌಂಡಿನ ಆಚೆ ಹೋಗಿ ಗುಲಾಬಿಗಳ ನಡುವೆ ಕೂತರು.

ಕಾರು ನಾಲ್ಕಕ್ಕೆ ಸರಿಯಾಗಿ ಬಂತು. ಲ್ಯಾಬ್ ಮೇಡಂ ತಮ್ಮನ ಕೈ ಹಿಡಿದು ಇಳಿದರು. ಮೂವತ್ತೊಂಬತ್ತು ದಿನಕ್ಕೆ ಮುಂಚೆ ಮೈಗೆ ಸರಿಯಾಗಿದ್ದ ಸ್ವೆಟರಿನಲ್ಲಿ ಈಗ ಇನ್ನೊಬ್ಬರಿಗೂ ಜಾಗವಿತ್ತು. ಅನೌನ್ಸರ್ ಅವರ ಇನ್ನೊಂದು ಕೈ ಹಿಡಿದರು, ಆ ಕೈಗೆ ತೂಕವೇ ಇರಲಿಲ್ಲ. ಹೇಳಿದ್ದ ಹಾಗೆ ಮನೆಯೊಳಗೆ ಹೋಗದೆ ಸೀದಾ ಹಿತ್ತಲಿಗೆ ನಡೆದರು.

ಮೇಡಂ ಕೊಳದ ಅಂಚಿನಲ್ಲಿ ಬಹಳ ಹೊತ್ತು ನಿಂತರು. ಮೋಡ ನೀರಿನಲ್ಲಿ ಇದ್ದ ಹಾಗೇ ಕಾಣುತ್ತಿತ್ತು.

"ಕನ್ನಡೀನೇ," ಎಂದರು.

"ಹೇಳಿರ್ಲಿಲ್ವಾ?" ಎಂದರು ಅನೌನ್ಸರ್. ಬೆಣ್ಣೆಯ ದನಿ ವಾಪಸು ಬಂದಿತ್ತು.

"ದೀಪ?"

"ನೀನೇ ನೋಡು."

ಮೇಡಂ ಪೆಟ್ಟಿಗೆಯ ಮುಚ್ಚಳ ತೆಗೆದರು. ಹಸಿರು. ನೀರನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಅದನ್ನು ನೋಡಿದರು. ಆಮೇಲೆ ಮೆಲ್ಲಗೆ ಮುಚ್ಚಿ, ಕೊಳದ ಪಕ್ಕದ ಕುರ್ಚಿಯಲ್ಲಿ ಕೂತು, ತಮ್ಮನ ಕಡೆ ತಿರುಗಿದರು.

"ಆ ನೀಲಿ ಚೀಲ ಇಲ್ಲಿ ಕೊಡು. ನೀನು ಒಳಗೆ ಹೋಗಿ ಟೀ ಮಾಡ್ಕೊಂಡು ಕುಡಿ, ಹೋಗು."

ತಮ್ಮ ಹೋದ. ಮೇಡಂ ಚೀಲದ ತಳದಿಂದ ಟವೆಲಿನಲ್ಲಿ ಸುತ್ತಿದ್ದ ಒಂದು ಗಂಟು ತೆಗೆದು ಮಡಿಲಲ್ಲಿ ಬಿಚ್ಚಿದರು. ಗೇಣುದ್ದದ ಗಾಜಿನಂಥ ಕೊಳವೆ, ಒಳಗೆ ಸಾಲಾಗಿ ಬೂದುಬಣ್ಣದ ತಗಡುಗಳು.

"ಇದೇನು ಗೊತ್ತಾ?"

"ಗೊತ್ತಿಲ್ಲ," ಎಂದರು ಅನೌನ್ಸರ್. ಅವತ್ತು ಹೆಂಡತಿಗೆ ಹೇಳಿದ ಮೊದಲ ನಿಜ.

"ಇದೇ ರೀ ಯಂತ್ರ. ಉಪ್ಪುನೀರು ಈ ತಗಡುಗಳ ಮಧ್ಯೆ ಹಾದುಹೋದ್ರೇನೇ ಕ್ಲೋರಿನ್ ಬರೋದು. ಇದಿಲ್ದಿದ್ರೆ ಗೋಡೆ ಮೇಲಿರೋದು ಬರೀ ಡಬ್ಬ. ಆಸ್ಪತ್ರೆಗೆ ಹೊರಟ ದಿನ ಬೆಳಗ್ಗೆ ನಾನೇ ಬಿಚ್ಚಿ, ಆ ಜಾಗಕ್ಕೆ ಒಂದು ತುಂಡು ಕೊಳವೆ ಹಾಕಿ, ಇದನ್ನ ಚೀಲದಲ್ಲಿಟ್ಕೊಂಡೆ. ಅವತ್ತಿಂದ ನನ್ನ ಮಂಚದ ಕೆಳಗೇ ಇತ್ತು."

ಕಾಂಪೌಂಡಿನ ಆಚೆ ಯಾರೋ "ಅಯ್ಯಯ್ಯೋ" ಎಂದು ಬಾಯಿ ಮುಚ್ಚಿಕೊಂಡ ಸದ್ದಾಯಿತು.

"ಯಾಕೇ?" ಎಂದರು ಅನೌನ್ಸರ್.

"ಯಾಕಂದ್ರೆ ನಿಮ್ಮನ್ನ ಮೂವತ್ತೊಂದು ವರ್ಷದಿಂದ ನೋಡ್ತಿದ್ದೀನಿ. ನಮ್ಮಪ್ಪ ಹೋದಾಗ್ಲೂ 'ಸ್ವಲ್ಪ ಹುಷಾರಿಲ್ಲವಂತೆ' ಅಂತ ಹೇಳಿ ರೈಲು ಹತ್ತಿಸಿದ್ರಿ. ನನ್ನ ವರದಿ ಬಂದಾಗ ನೀವೇನು ಹೇಳಿದ್ರೂ ನಂಬೋದೋ ಬಿಡೋದೋ ನನಗೆ ಗೊತ್ತಾಗ್ಬೇಕಿತ್ತು. ಡಾಕ್ಟ್ರನ್ನ ಕೇಳಿದ್ರೆ 'ನಿಮ್ಮ ಯಜಮಾನ್ರು ಹೇಳ್ತಾರೆ' ಅಂತಾರೆ ಅಂತ ಮೊದಲೇ ಗೊತ್ತಿತ್ತು, ಹಾಗೇ ಅಂದ್ರು. ಅದಕ್ಕೇ ಗೊತ್ತಿರೋ ನೀರು ಕೊಟ್ಟು ಹೋದೆ. ಹಸಿರಾಗೇ ಆಗತ್ತೆ, ಕೆಂಪು ದೀಪ ಉರಿದೇ ಉರಿಯತ್ತೆ. ಇದನ್ನ ಸರಿಯಾಗಿ ಹೇಳಿದ್ರೆ ಅದನ್ನೂ ಸರಿಯಾಗಿ ಹೇಳ್ತಾರೆ ಅಂತ."

ಅನೌನ್ಸರ್ ಕೂರಲು ಏನಾದರೂ ಇದೆಯೇ ಎಂದು ನೋಡಿದರು. ಖಾಲಿ ಉಪ್ಪಿನ ಚೀಲಗಳ ಕಟ್ಟು ಇತ್ತು, ಅದರ ಮೇಲೆ ಕೂತರು.

"ಆದ್ರೂ ಒಂದು ಆಸೆ ಇತ್ತು," ಎಂದರು ಮೇಡಂ. "ಈ ಮನುಷ್ಯ ಸೋಮಾರಿ, ಹಿತ್ತಲಿಗೆ ಹೋಗೇ ಇರಲ್ಲ, ನೋಡ್ದೇನೇ ಬಾಯಿಗೆ ಬಂದದ್ದು ಹೇಳಿದ್ದಾರೆ ಅಂದ್ಕೊಂಡಿದ್ದೆ. ನೋಡದೆ ಹೇಳೋದು ಬೇರೆ. ಡಾಕ್ಟ್ರ ಮಾತನ್ನ ಕಿವಿಯಾರೆ ಕೇಳಿದ್ಮೇಲೆ ಬದಲಾಯಿಸಿ ಹೇಳಲ್ಲ ಅಂದ್ಕೊಂಡೆ. ಇವತ್ತು ಬರೋವಾಗ ಕಾರಲ್ಲಿ ದಾರಿ ಉದ್ದಕ್ಕೂ ಅದೇ, ಕೊಳ ಹಸಿರಾಗೇ ಇರ್ಲಪ್ಪ ದೇವರೇ, ಗಬ್ಬು ನಾರ್ತಾ ಇರ್ಲಪ್ಪ ಅಂತ. ತೊಳೆದು ದೀಪಾನೂ ಹಸಿರು ಮಾಡಿಟ್ಟಿದ್ದೀರಿ ಅಂದ್ರೆ, ನೋಡೇ ಮುಚ್ಚಿಟ್ಟಿದ್ದೀರಿ ಅಂತ ತಾನೇ?"

ನೀರು ಅವರೆದುರಿಗೆ ಥಳಥಳ ಹೊಳೆಯುತ್ತಿತ್ತು. ಅದಕ್ಕಿಂತ ಚೆನ್ನಾಗಿ ಆ ಕೊಳ ಎಂದೂ ಕಂಡಿರಲಿಲ್ಲ.

ಮೇಡಂ ಬಗ್ಗಿ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡರು. ಹಳೆಯ ಅಭ್ಯಾಸ. ಹುಬ್ಬು ಗಂಟಿಕ್ಕಿತು.

"ಎಷ್ಟು ಚೀಲ ಉಪ್ಪು ಹಾಕಿದ್ರಿ?"

"ನಾಲ್ಕು," ಎಂದರು ಅನೌನ್ಸರ್ ತಟ್ಟನೆ.

ಹೆಂಡತಿ ಸೀಸೆ ಎತ್ತಿ ಹಿಡಿದು ನೋಡುವ ಹಾಗೆ ಅವರನ್ನೇ ನೋಡಿದರು. ಅನೌನ್ಸರ್ ತಾವು ಕೂತಿದ್ದ ಚೀಲಗಳನ್ನು ನೋಡಿಕೊಂಡರು.

"ಎಂಟು," ಎಂದರು.

"ಸರಿ," ಎಂದರು ಲ್ಯಾಬ್ ಮೇಡಂ. ತಗಡಿನ ಕೊಳವೆಯನ್ನು ಮತ್ತೆ ಟವೆಲಿನಲ್ಲಿ ಸುತ್ತಿ ಪಕ್ಕಕ್ಕಿಟ್ಟು, ಗಂಡನ ಒದ್ದೆ ಕೈಯನ್ನು ತಮ್ಮ ಕೈಗೆ ತೆಗೆದುಕೊಂಡರು. "ಈಗ ಸರಿಯಾಗಿ ಹೇಳ್ತಿದ್ದೀರಿ. ಹಾಗೇ ಹೇಳಿ. ಡಾಕ್ಟ್ರು ಏನಂದ್ರು?"